ಮುಯ್ಯಾಳಿನ ಕ್ಲಿಕ್ಕು

ತಾಯಪ್ಪನ ಮನೆತನದಲ್ಲಿ ಸಂಬಳ ತೆಗೆದುಕೊಂಡು ಫ್ಯಾನಿನ ಕೆಳಗೆ ಕೂತವರು ಅವನಿಗಿಂತ ಮೊದಲು ಯಾರೂ ಇರಲಿಲ್ಲ. ಅಪ್ಪ ಕಾಲುವೆ ತೋಡುವಾಗ ಮಣ್ಣು ಹೊತ್ತ, ಆಮೇಲೆ ಅದೇ ಕಾಲುವೆ ನೀರುಣಿಸಿದ ಗದ್ದೆಗಳಲ್ಲಿ ಮಂದಿಯ ಭತ್ತ ನಾಟಿ ಮಾಡುತ್ತಲೇ ತೀರಿಹೋದ. ಅವ್ವ ತಿಮ್ಮವ್ವ ಈಗಲೂ ಕಸ ತೆಗೆಯುತ್ತಾಳೆ, ಹತ್ತಿ ಬಿಡಿಸುತ್ತಾಳೆ. ಹಾಗಾಗಿ ಮಗ ಶಹಾಪುರದ ಬಸವಂತ್ರಾಯ ಸಾವ್ಕಾರರ ಪಂಪು-ಪೈಪಿನ ಅಂಗಡಿಯಲ್ಲಿ ಕಂಪ್ಯೂಟರಿನ ಮುಂದೆ ಕೂತ ದಿನ ಆಕೆ ಊರಿನ ಬೋರಿಂಗಿನ ಹತ್ತಿರ ನಿಂತು, ಕೊಡ ತುಂಬಿ ಹರಿಯುತ್ತಿದ್ದರೂ ಗಮನವಿಲ್ಲದೆ, ಸಿಕ್ಕವರಿಗೆಲ್ಲ ಹೇಳಿದ್ದು ಒಂದೇ ಮಾತು: "ನನ್ನ ಮಗ ನೆಳ್ಳಾಗ ಕುಂತಾನ." ಸಂಬಳ ಎಷ್ಟೆಂದು ಯಾರೂ ಕೇಳಲಿಲ್ಲ. ಅದು ತಾಯಪ್ಪನ ಪುಣ್ಯ.

ಸುರಪುರದ ಕಾಲೇಜಿನಲ್ಲಿ ಅವನು ಬಿ.ಎ. ಮುಗಿಸಿದ್ದ. ಕಂಪ್ಯೂಟರ್ ಬರುತ್ತದೆ ಎಂದು ಸಾವ್ಕಾರರಿಗೆ ಹೇಳಿದ್ದ. ಬರುತ್ತಿದ್ದದ್ದು ಅದನ್ನು ಚಾಲೂ ಮಾಡುವುದು, ಬಂದ್ ಮಾಡುವುದು, ಇವೆರಡರ ನಡುವೆ ಬಿಲ್ಲು ಬಡಿಯುವುದು. ಅಷ್ಟರಲ್ಲೇ ಯಾದಗಿರಿಯ ಒಂದು ಲಗ್ನದಲ್ಲಿ ಸಾವ್ಕಾರರ ಬೀಗರು, ತಮ್ಮ ಗೊಬ್ಬರದ ಅಂಗಡಿಗೆ ವೆಬ್‌ಸೈಟ್ ಮಾಡಿಸಿದ್ದೇವೆಂದು ಊಟದ ಪಂಕ್ತಿಯಲ್ಲಿ ಕೂತು ಹೇಳಿಬಿಟ್ಟರು. ಸಾವ್ಕಾರರಿಗೆ ಹೋಳಿಗೆ ಗಂಟಲಲ್ಲಿ ನಿಂತಿತು. ತಿಂಗಳೊಳಗೆ ಕಲಬುರಗಿಯ ಯಾರೋ ಹುಡುಗರಿಂದ ಅವರದೂ ಒಂದು ವೆಬ್‌ಸೈಟ್ ಎದ್ದು ನಿಂತಿತು. ನೀಲಿ ಅಕ್ಷರ, ಮೇಲೊಂದು ಪಂಪಿನ ಚಿತ್ರ, ಕೆಳಗೆ ಫೋನ್ ನಂಬರು. ನೋಡಿಕೊಳ್ಳಲು ತಾಯಪ್ಪ.

ಅಲ್ಲಿಂದ ಪ್ರತಿದಿನ ಮುಂಜಾನೆ ಗಾದಿಯ ಮೇಲೆ ಕೂತು ಊದುಬತ್ತಿ ಹಚ್ಚಿದ ಕೂಡಲೇ ಸಾವ್ಕಾರರು ಕೇಳುವರು.

"ಎಷ್ಟ ಮಂದಿ ಬಂದಾರಲೇ?"

"ನಾಕ ಮಂದಿ ಬಂದಾರ್ರಿ."

"ಒಬ್ರೂ ಕಾಣವಲ್ರಲ್ಲ?"

"ಅಂಗಡಿಗಿ ಅಲ್ರಿ, ವೆಬ್‌ಸೈಟಿಗಿ ಬಂದಾರ್ರಿ."

"ಅಲ್ಲಿಂದ ಇಲ್ಲಿಗಿ ಬರಾಕ ಏನು ಬಸ್ ಇಲ್ಲೇನು ಅವರಿಗಿ?"

ಆ ನಾಲ್ವರಲ್ಲಿ ಒಬ್ಬ ತಾಯಪ್ಪನೇ. ಇನ್ನೊಬ್ಬರು ಸಾವ್ಕಾರರು. ಮೂರನೆಯವರು ಸೈಟು ಮಾಡಿಕೊಟ್ಟ ಕಲಬುರಗಿಯವರು. ನಾಲ್ಕನೆಯವರು ಯಾರೆಂದು ತಿಳಿಯದೆ ತಾಯಪ್ಪ ಆ ಅಪರಿಚಿತನ ಮೇಲೆ ಬಹಳ ಪ್ರೀತಿ ಇಟ್ಟುಕೊಂಡಿದ್ದ.

ಶ್ರಾವಣದಲ್ಲಿ ಸಾವ್ಕಾರರ ಸಹನೆ ಮುಗಿಯಿತು. "ದೀಪಾವಳಿತನಕ ನೋಡ್ತೀನಿ ತಮ್ಮಾ. ಮಂದಿ ಹುಡುಕ್ಕೊಂಡು ಬಂದ್ರ ಸೈಟು ಇರ್ತದ, ನೀನೂ ಇರ್ತಿ. ಇಲ್ಲಂದ್ರ ಬಿಲ್ಲು ಬರಿಯಾಕ ನನ್ನ ಕೈಗಿ ಏನು ಹುಳ ಹತ್ತಿಲ್ಲ." ಅವರು ಬೈದು ಹೇಳಿದ್ದರೆ ತಾಯಪ್ಪನಿಗೆ ಅಷ್ಟು ಅಂಜಿಕೆ ಆಗುತ್ತಿರಲಿಲ್ಲ. ಚಹಾ ತರಿಸಿ ಕುಡಿಸುತ್ತಾ ಹೇಳಿದ್ದರು.

ಅವನು ಭಾನುವಾರದ ಬಸ್ಸು ಹಿಡಿದು ಭೀಮೆ ದಾಟಿ ಯಾದಗಿರಿಗೆ ಹೋದ. ಅಲ್ಲಿ ಸ್ಟೇಷನ್ ರೋಡಿನಲ್ಲಿ ಗೌಹರಬೇಗಂ ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದಳು. ಅವನು ಬಿ.ಎ. ಮುಗಿಸಿದ ಬೇಸಿಗೆಯಲ್ಲಿ ಟೈಪಿಂಗ್ ಕಲಿತದ್ದು ಅವಳ ಹತ್ತಿರವೇ. ಎಲ್ಲರಂತೆ ಅವನೂ ಅವಳನ್ನು ಆಪಾ, ಅಂದರೆ ಅಕ್ಕ, ಎಂದು ಕರೆಯುತ್ತಿದ್ದ. ಆಪಾ ಅವನ ವೆಬ್‌ಸೈಟಿನ ರಿಪೋರ್ಟು ತೆರೆದು ನೋಡಿ, ತುಟಿ ಕಚ್ಚಿ ನಗು ತಡೆದಳು.

"ಇಂಪ್ರೆಶನ್ ಅಂದ್ರ ಏನು ಗೊತ್ತದೇನು?"

"ಛಾಪು ಬೀಳೋದು, ಆಪಾ."

"ಯಾರ ಮ್ಯಾಗ ಬಿದ್ದದ? ಕೇಳಿಲ್ಲಿ. ನೀ ಸಂತ್ಯಾಗ ಬದನಿಕಾಯಿ ಹಚ್ಚಿ ಕುಂತಿ ಅಂತ ತಿಳಿ. ನಿನ್ನ ಮುಂದ ಹಾದುಹೋದವರಷ್ಟೂ ಇಂಪ್ರೆಶನ್. ನಿಂತು ಬದನಿಕಾಯಿ ಹಿಚುಕಿ ನೋಡ್ದವರು ಕ್ಲಿಕ್ಕು. ಸಂತಿ ಬಾಗ್ಲಿಂದ ನಿನ್ನ ಜಾಗ ಎಷ್ಟನೇದು ಅನ್ನೋದು ಪೊಸಿಷನ್. ನೀನು ಸಂತಿ ದಾಟಿ, ಬಸ್ ಸ್ಟ್ಯಾಂಡ್ ದಾಟಿ, ಹಳ್ಳದ ದಂಡಿಗಿ ಕುಂತೀದಿ."

"ಮುಂದ ಬರಬೇಕಂದ್ರ?"

"ಮಂದಿ ಏನು ಕೇಳಾಕತ್ತಾರ ನೋಡಿ, ಅದನ್ನ ಹಚ್ಚಬೇಕು. ಇಲ್ಲಿ ನೋಡು." ಅವಳು ಬೆರಳಿಟ್ಟು ತೋರಿಸಿದಳು. ಜನ ಹುಡುಕಿದ ಮಾತುಗಳು ಒಂದರ ಕೆಳಗೊಂದು ಇದ್ದವು. ಹೆಚ್ಚಿಲ್ಲ, ಆದರೆ ಮತ್ತೆ ಮತ್ತೆ ಒಂದೇ ಬಗೆಯವು. ಶಹಾಪುರದಲ್ಲಿ ಮೋಟರ್ ಬಾಡಿಗೆ. ಪಂಪು ಬಾಡಿಗೆಗೆ ಸಿಗುತ್ತದೆಯೇ. ನಾಲ್ಕು ದಿನಕ್ಕೆ ಪಂಪು. "ಕಾಲುವಿ ಕೊನ್ಯಾಗ ಇರೋರು ಇವರು. ಸರದಿ ನೀರು ಬಂದಾಗ ನಾಕ ದಿನ ಎತ್ತಿ ಬಿಡ್ತಾರ. ಅದಕ್ಕಂತ ಹೊಸಾದು ಯಾಕ ತಗೋತಾರ? ನಿಮ್ಮ ಸೈಟಿನ್ಯಾಗ ಬಾಡಿಗಿ ಅನ್ನೋ ಶಬ್ದನೇ ಇಲ್ಲ. ಒಂದು ಪುಟ ಬರಿ, ಸಾಕು."

ತಾಯಪ್ಪ ಬಸ್ಸಿನಲ್ಲಿ ವಾಪಸು ಬರುವಾಗ ಆ ಪುಟವನ್ನು ಮನಸ್ಸಿನಲ್ಲೇ ಬರೆದು ಮುಗಿಸಿದ್ದ. ಮರುದಿನ ಸಾವ್ಕಾರರಿಗೆ ಹೇಳಿದ. ಅವರು ಕನ್ನಡಕ ತೆಗೆದು ಅವನನ್ನೇ ನೋಡಿದರು.

"ನಮ್ಮಪ್ಪ ಮಾರ್ತಿದ್ದ. ನಾ ಮಾರ್ತೀನಿ. ಬಾಡಿಗಿ ಕೊಡಾಕ ಇದು ಶಾಮಿಯಾನದ ಅಂಗಡಿ ಏನು?"

ಅಲ್ಲಿಗೆ ಆ ಪುಟ ಮುಗಿಯಿತು. ಇನ್ನೊಮ್ಮೆ ಹೇಳಬಹುದಿತ್ತು. ತಾಯಪ್ಪ ಇನ್ನೊಮ್ಮೆ ಹೇಳುವ ಪೈಕಿಯವನಲ್ಲ. ಒಮ್ಮೆ ಬೈಸಿಕೊಂಡರೆ ಆ ಮಾತೇ ತಪ್ಪೆಂದು ಒಪ್ಪಿಕೊಂಡು, ಬೈದವರಿಗಿಂತ ಮೊದಲು ತಾನೇ ಅದನ್ನು ಬೈಯಲು ಶುರು ಮಾಡುವ ಜಾತಿ ಅವನದು.

ಅವತ್ತು ಸಂಜೆ ಮನೆಗೆ ಬಂದಾಗ ಕಟ್ಟೆಯ ಮೇಲೆ ಓಣಿಯ ಹೆಂಗಸರು ನಾಳೆ ಯಾರ ಹೊಲಕ್ಕೆ ಎಂಬ ಮಾತಿನಲ್ಲಿದ್ದರು. ಎರಡೋ ಮೂರೋ ಎಕರೆ ಇದ್ದ ಆ ಮನೆಗಳಲ್ಲಿ ಕೂಲಿ ಕೊಟ್ಟು ಕೆಲಸ ಮಾಡಿಸುವ ತಾಕತ್ತು ಯಾರಿಗೂ ಇಲ್ಲ. ಅದಕ್ಕೇ ಮುಯ್ಯಾಳು. ಇವತ್ತು ನನ್ನ ಹೊಲಕ್ಕೆ ನೀನು ಬಂದರೆ ನಾಳೆ ನಿನ್ನ ಹೊಲಕ್ಕೆ ನಾನು. ಬರೆದಿಡುವುದಿಲ್ಲ, ಮರೆಯುವುದೂ ಇಲ್ಲ. ಸತ್ತವನು ಬಾಕಿ ಬಿಟ್ಟುಹೋದ ಆಳನ್ನು ಮಗ ತೀರಿಸಿದ್ದುಂಟು. ಈ ಲೆಕ್ಕದ ಯಜಮಾನಿಕೆ ಪಕ್ಕದ ಮನೆಯ ಲಾಲಮ್ಮನದು. ತಾಯಪ್ಪನಿಗೆ ವರಸೆಯಲ್ಲಿ ಚಿಗವ್ವ.

ಆ ಕಟ್ಟೆಯ ಮುಂದೆ ಚಪ್ಪಲಿ ಬಿಡುವಾಗ ತಾಯಪ್ಪನ ತಲೆಗೆ ಆ ವಿಚಾರ ಹೊಳೆಯಿತು. ಹೊಳೆದದ್ದಕ್ಕೆ ಅವನು ಎಷ್ಟು ಹಿಗ್ಗಿದನೆಂದರೆ, ಬಿ.ಎ. ಪಾಸಾದ ದಿನವೂ ಅಷ್ಟು ಹಿಗ್ಗಿರಲಿಲ್ಲ.

"ಚಿಗವ್ವಾ, ನಿಮ್ಮೆಲ್ಲಾರ ಹತ್ರಾನೂ ಫೋನು ಅವ ಹೌದಿಲ್ಲೋ?"

"ಅವ. ಅದಕ ರಿಚಾರ್ಜ್ ಮಾಡಸ್ತೀಯೇನು?"

"ಇಲ್ಲ. ಮುಂಜಾನಿ ಒಂದು ಮಾತು ಹೇಳಿ, ಒಂದು ಕಡಿ ಒತ್ತಬೇಕು. ನನ್ನ ನೌಕರಿ ಸಲುವಾಗಿ."

ಮೈಕಿನ ಗುರುತು ಒತ್ತಿ 'ಶಹಾಪುರ ಡೀಸೆಲ್ ಇಂಜಿನ್' ಎನ್ನಬೇಕು. ಬಂದ ಸಾಲಿನಲ್ಲಿ ನೀಲಿ ಅಕ್ಷರ, ಪಂಪಿನ ಚಿತ್ರ ಇರುವುದನ್ನು ಹುಡುಕಿ ಒತ್ತಬೇಕು. ಡೀಸೆಲ್ ಇಂಜಿನ್ನೇ ಯಾಕೆಂದರೆ, ತಾಯಪ್ಪ ಹುಡುಕಿ ನೋಡಿದ್ದ, ಆ ಮಾತಿಗೆ ಪೈಪೋಟಿಯೇ ಇರಲಿಲ್ಲ. ಬೇಗ ಮೊದಲನೇ ಜಾಗಕ್ಕೆ ಬರಬಹುದಿತ್ತು. ಯಾರೂ ಹುಡುಕದ ಕಾರಣಕ್ಕೇ ಅಲ್ಲಿ ಪೈಪೋಟಿ ಇಲ್ಲವೆಂಬುದು ಬಿ.ಎ.ದವನ ಲಕ್ಷ್ಯಕ್ಕೆ ಬರಲಿಲ್ಲ.

"ಫೋನಿಗಿ ನನ್ನ ಮಾತು ತಿಳಿತದೇನು?" ಎಂದಳು ಎದುರು ಮನೆಯ ಹಜರಾಬೀ. "ನನ್ನ ಸೊಸಿಗೇ ಇನ್ನಾ ತಿಳಿವಲ್ದು."

"ಸೊಸಿಗಿ ತಿಳಿತದ, ಬೇಕಂತ ಸುಮ್ಕಿರ್ತಾಳ," ಎಂದು ಇನ್ಯಾರೋ ಅಂದರು. ಕಟ್ಟೆ ನಕ್ಕಿತು.

ಲಾಲಮ್ಮ ಮಾತ್ರ ನಗಲಿಲ್ಲ. "ದಿನಾ ಒತ್ತಬೇಕಂದ್ರ ಅದೂ ಕೆಲಸನ. ಮುಯ್ಯಿ ಏನು?"

"ಆಳು ಬರ್ತೀನಿ ತಗೋ, ಚಿಗವ್ವಾ!" ತಾಯಪ್ಪ ಚಾಷ್ಟಿಗೆ, ನಗಾಡುತ್ತಾ ಅಂದ.

"ಹದಿನೈದು ದಿನ ಒತ್ತಿದ್ರ ಒಂದ ಆಳು," ಎಂದು ಲಾಲಮ್ಮ ಅಂದಳು. ಅವಳು ಚಾಷ್ಟಿಗೆ ಅನ್ನಲಿಲ್ಲ. ಒಳಗೆ ರೊಟ್ಟಿ ಬಡಿಯುತ್ತಿದ್ದ ತಿಮ್ಮವ್ವನ ಕೈ ಒಂದು ಗಳಿಗೆ ನಿಂತದ್ದು ಹೊರಗೆ ಕೇಳಿಸಿತು. ಆಮೇಲೆ ಮತ್ತೆ ಬಡಿತ ಶುರುವಾಯಿತು.

ಮರುದಿನದಿಂದ ಆ ಓಣಿಯಲ್ಲಿ ಮುಂಜಾನೆ ಹೊಲಕ್ಕೆ ಹೋಗುವ ಆಟೊ ಬರುವ ಮುಂಚೆ, ಒಬ್ಬೊಬ್ಬ ಹೆಂಗಸೂ ಫೋನನ್ನು ಬಾಯಿಯ ಹತ್ತಿರ ಹಿಡಿದು 'ಶಹಾಪುರ ಡೀಸೆಲ್ ಇಂಜಿನ್' ಎಂದು ಕೂಗತೊಡಗಿದಳು. ಬುತ್ತಿ ಕಟ್ಟುತ್ತಾ ಒಬ್ಬಳು, ಎಮ್ಮೆ ಹೊರಗೆ ಕಟ್ಟುತ್ತಾ ಒಬ್ಬಳು. ಕೆಲವರ ಮಕ್ಕಳೂ ಸೇರಿಕೊಂಡರು. ಲಾಲಮ್ಮ ತನ್ನ ತವರಿನ ಓಣಿಗೂ ಹೇಳಿದಳು.

ಕಂಪ್ಯೂಟರಿನ ರಿಪೋರ್ಟಿನಲ್ಲಿ ಅದುವರೆಗೆ ನೆಲ ಬಿಟ್ಟು ಏಳದಿದ್ದ ಕ್ಲಿಕ್ಕಿನ ಗೆರೆ ಎದ್ದಿತು. ಎರಡು ವಾರಕ್ಕೆ ಗುಡ್ಡದಂತೆ ಏರಿತು. ಸರಾಸರಿ ಸ್ಥಾನ ಹಳ್ಳದ ದಂಡೆಯಿಂದ ಸಂತೆ ಬಾಗಿಲಿಗೆ ಬಂತು. ಸಾವ್ಕಾರರು ಆ ಚಿತ್ರವನ್ನು ಪ್ರಿಂಟ್ ತೆಗೆಸಿ ಗಾದಿಯ ಮುಂದಿನ ಡೆಸ್ಕಿನ ಗಾಜಿನ ಕೆಳಗೆ ಇಟ್ಟರು. ಪೈಪು ಕೊಳ್ಳಲು ಬಂದವರಿಗೆ ಪೈಪಿಗಿಂತ ಮೊದಲು ಅದನ್ನು ತೋರಿಸಿದರು. ಬೀಗರಿಗೆ ಫೋನ್ ಮಾಡಿ, ಬೇರೆ ಏನೋ ಮಾತಾಡಿದಂತೆ ಮಾಡಿ, ಕೊನೆಗೆ ಅದನ್ನೇ ಹೇಳಿದರು. ತಾಯಪ್ಪನನ್ನು 'ನಮ್ಮ ತಾಯಪ್ಪ' ಎಂದು ಕರೆಯತೊಡಗಿದರು. ತಾನೇ ಹೊತ್ತಿಸಿದ ದೀಪಕ್ಕೆ ತಾನೇ ಕೈಮುಗಿಯುವವನಂತೆ ತಾಯಪ್ಪನೂ ಮೆಲ್ಲಗೆ ಆ ಗೆರೆಯನ್ನು ನಂಬಲು ಹತ್ತಿದ. ಇಷ್ಟರಲ್ಲಿ ಖರೇ ಗಿರಾಕಿಗಳೂ ಒಂದಿಷ್ಟು ಬೆರೆತಿರಬೇಕು ಎಂದುಕೊಂಡ.

ಮುಂದಿನ ಸಲ ಯಾದಗಿರಿಗೆ ಹೋದಾಗ ಹೊಗಳಿಸಿಕೊಳ್ಳಲೆಂದೇ ರಿಪೋರ್ಟು ತೋರಿಸಿದ. ಆಪಾ ಈ ಸಲ ನಗಲಿಲ್ಲ.

"ಎಲ್ಲಾರೂ ಮುಂಜಾನಿ ಒಂದೇ ಹೊತ್ತಿಗಿ ಬರ್ತಾರ. ಎಲ್ಲಾರೂ ಒಂದೇ ಮಾತು ಹುಡುಕ್ತಾರ. ಬಂದು ಎರಡು ಸೆಕೆಂಡಿಗಿ ಓಡಿಹೋಗ್ತಾರ. ಒಬ್ಬನೂ ಎರಡ್ನೇ ಪುಟ ನೋಡಿಲ್ಲ, ಒಬ್ಬನೂ ಫೋನ್ ನಂಬರ್ ಒತ್ತಿಲ್ಲ. ತಾಯಪ್ಪಾ, ಇವರು ಗಿರಾಕಿ ಅಲ್ಲ. ನಿಮ್ಮ ಓಣಿ."

ತಾಯಪ್ಪ ಗೋಡೆ ನೋಡಿದ.

"ಮೊದ್ಲು ಹುಡುಕಿದವರು ಕಮ್ಮಿ ಇದ್ರೂ ಖರೇ ಇದ್ರು. ಬಾಡಿಗಿ ಕೇಳ್ತಿದ್ದ ಮಂದಿ ಈಗ ಈ ರಾಶಿ ಕೆಳಗ ಎಲ್ಲಿ ಬಿದ್ದಾರ ಹುಡುಕಿ ತೋರ್ಸು ನೋಡೂಣು. ನಿಮ್ಮ ಸಾವ್ಕಾರ್‌ಗ ಹೇಳಿಬಿಡು. ಇಂದೇ ಹೇಳು."

"ದೀಪಾವಳಿ ಆಗ್ಲಿ, ಆಪಾ."

"ದೀಪಾವಳಿಗಿ ಪಟಾಕಿ ಹಾರ್ತಾವ," ಎಂದಳು ಅವಳು.

ಅವತ್ತು ಮನೆಗೆ ಬಂದರೆ ಅವ್ವ ಸೊಂಟಕ್ಕೆ ಬಿಸಿನೀರಿನ ಅರಿವೆ ಒತ್ತಿಕೊಂಡು ಗೋಡೆಗೆ ಒರಗಿದ್ದಳು. ಮೇಲೆ ಬುದ್ಧನ ಕ್ಯಾಲೆಂಡರು ಫ್ಯಾನಿಲ್ಲದ ಗಾಳಿಗೆ ಅಲುಗುತ್ತಿತ್ತು.

"ಇವತ್ತ ಐತಾರ ಅಲ್ಲೇನವ್ವ? ಎಲ್ಲಿಗಿ ಹೋಗಿದ್ದಿ?"

"ಹಜರಾಬೀ ಹೊಲಕ."

"ನಿಂದು ಅವರದು ಮುಗಿದಿತ್ತಲ್ಲ?"

"ನಂದು ಮುಗಿದಿತ್ತು. ನಿಂದು ಇತ್ತು."

ಅವನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಅವ್ವನ ಕಾಲ ಬಳಿ ಕುಕ್ಕರಿಸಿದ. ಲಾಲಮ್ಮನ ಹೊಲಕ್ಕೆ, ಹಜರಾಬೀ ಹೊಲಕ್ಕೆ, ಓಣಿಯ ಕೊನೆಯ ಮನೆಯವರ ಹೊಲಕ್ಕೆ, ತನ್ನ ಕೂಲಿಯ ದಿನ ಬಿಟ್ಟು ಬಿಡುವಿನ ದಿನವೆಲ್ಲ ತಿಮ್ಮವ್ವ ಹೋಗಿ ಅವನ ಕ್ಲಿಕ್ಕಿನ ಆಳು ತೀರಿಸಿ ಬರುತ್ತಿದ್ದಳು.

"ಚಾಷ್ಟಿಗಿ ಅಂದಿದ್ದೆ ನಾ!"

"ಆಳಿನ ಮಾತು ಯಾರರ ಚಾಷ್ಟಿಗಿ ಆಡ್ತಾರೇನೋ ಹುಚ್ಚಪ್ಪಾ," ಎಂದಳು ತಿಮ್ಮವ್ವ. ಸಿಟ್ಟಿಲ್ಲದೆ. "ನೀ ನೆಳ್ಳಾಗ ಕುಂದ್ರು. ಬಿಸಿಲು ನನಗ ರೂಢಿ ಅದ."

ಅವತ್ತೇ ಕಟ್ಟೆಗೆ ಹೋಗಿ ಸಾಕು ಮಾಡಿರಿ ಎನ್ನಬೇಕಿತ್ತು. ಕಟ್ಟೆಯವರೆಗೆ ಹೋದ. ದೀಪಾವಳಿಗೆ ಇನ್ನೂ ಸ್ವಲ್ಪ ದಿನವಿತ್ತು. ಚಹಾ ಕುಡಿದು ಬಂದ.

ದೀಪಾವಳಿಯ ಪಾಡ್ಯದ ದಿನ ಅಂಗಡಿಯ ಪೂಜೆ ಮುಗಿಸಿ ಸಾವ್ಕಾರರು ಅವನ ಕೈಗೆ ಒಂದು ಹೊಸ ಅಂಗಿಯ ಅರಿವೆ, ಅರ್ಧ ಕಿಲೋ ಬುಂದಿ ಕೊಟ್ಟರು. "ಸೈಟು ಇರ್ತದ. ನೀನೂ ಇರ್ತಿ," ಎಂದರು. ತಾಯಪ್ಪನ ಮುಖ ಅರಳಿತು. ಆಗ ಅವರು ದನಿ ತಗ್ಗಿಸಿದರು.

"ನಾನೇನು ದಡ್ಡ ಅಲ್ಲ. ರಿಪೋರ್ಟು ಓದೀನಿ. ಮಂದಿ ಏನು ಕೇಳಾಕತ್ತಾರ ನೋಡೀನಿ. ಡೀಸೆಲ್ ಇಂಜಿನ್! ಯಾಕ ಹೇಳು?"

ತಾಯಪ್ಪನ ಬಾಯಲ್ಲಿ ಬುಂದಿ ಇತ್ತು.

"ಹಿಂಗಾರಿಗಿ ಕಾಲುವಿ ನೀರು ಬಿಡಂಗಿಲ್ಲ ಅಂತ ಮಂದಿಗಿ ವಾಸನಿ ಹತ್ಯದ. ಹಳ್ಳದಾಗ, ಬಾವ್ಯಾಗ ಇಂಜಿನ್ ಇಡಾಕ ತಯಾರ್ ಆಗ್ಯಾರ. ಶಹಾಪುರದಾಗ ಯಾರ ಹಂತೇಲೂ ಮಾಲಿಲ್ಲ. ನಾ ಒಂದು ಲಾರಿ ತುಂಬ ಹೇಳೀನಿ."

"ಸಾವ್ಕಾರ್ರೇ, ಅದು..."

"ಏನು?"

"ಅದು... ಒಂದು ಲಾರಿ ಅಂದ್ರ ಹೆಚ್ಚಾಗಂಗಿಲ್ಲೇನ್ರಿ?"

"ನಿನ್ನ ರಿಪೋರ್ಟಿನ ಮ್ಯಾಗ ನಿನಗ ನಂಬಿಗಿ ಇಲ್ಲೇನಲೇ?" ಎಂದು ಅವರು ಬೆನ್ನು ಚಪ್ಪರಿಸಿ ನಕ್ಕರು. ತಾಯಪ್ಪನೂ ನಕ್ಕ. ಜೀವಮಾನದಲ್ಲಿ ಅವನು ನಕ್ಕ ನಗುಗಳಲ್ಲಿ ಅದರಷ್ಟು ದುಬಾರಿಯದು ಇನ್ನೊಂದಿಲ್ಲ.

ಲಾರಿ ಬಂತು. ಹಸಿರು ಬಣ್ಣದ ಇಂಜಿನ್ನುಗಳು ಅಂಗಡಿ ತುಂಬಿ, ಮೆಟ್ಟಿಲು ತುಂಬಿ, ಪಕ್ಕದ ಟೇಲರನ ಬಾಗಿಲಿನವರೆಗೆ ನಿಂತವು. ವಾರದೊಳಗೆ ಹಿಂಗಾರಿಗೂ ಕಾಲುವೆಗೆ ನೀರು ಬಿಟ್ಟರು. ನೀರು ದಂಡೆಗೆ ತಾಗಿ ಹರಿಯಿತು. ಕೊನೆಯ ಊರುಗಳವರು ನಾಲ್ಕು ದಿನದ ಸರದಿಗೆ ಕರೆಂಟಿನ ಮೋಟರನ್ನು ಅವರಿವರ ಕೈಕಾಲು ಬಿದ್ದು ಕಡ ತಂದು ನಡೆಸಿದರು. ಅಂಗಡಿಗೆ ಬಂದ ಇಬ್ಬರು ಕೂಡ ಬಾಡಿಗೆಗೆ ಮೋಟರ್ ಸಿಗುತ್ತದೆಯೇ ಎಂದು ಕೇಳಿ, ಇಂಜಿನ್ನುಗಳ ನಡುವೆ ಓರೆಯಾಗಿ ನುಸುಳಿ ಹೋದರು. ಡೀಸೆಲ್ ಇಂಜಿನ್ ಎಂದು ಒಬ್ಬನೂ ಬರಲಿಲ್ಲ. ಕಂಪ್ಯೂಟರಿನಲ್ಲಿ ಮಾತ್ರ ಗೆರೆ ದಿನಾ ಮುಂಜಾನೆ ಏರುತ್ತಲೇ ಇತ್ತು.

ಸಾವ್ಕಾರರು ಒಂದು ಮಧ್ಯಾಹ್ನ ಸ್ಟೂಲು ಎಳೆದುಕೊಂಡು ಅವನ ಪಕ್ಕ ಕೂತರು. ಪರದೆಯ ಮೇಲೆ ಬೆರಳಿಟ್ಟರು. "ತಾಯಪ್ಪಾ, ಈ ಮಂದಿ ಎಲ್ಲಿ?"

ಅವನು ಹೇಳಿದ. ಕಟ್ಟೆ, ಮೈಕು, ಹದಿನೈದು ದಿನಕ್ಕೊಂದು ಆಳು, ಎಲ್ಲ ಹೇಳಿದ. ಹೇಳುತ್ತಾ ಹೋದಂತೆ ಅದು ಬೇರೆ ಯಾರೋ ಮೂರ್ಖನ ಕತೆಯಂತೆ ಕೇಳಿಸಿ, ನಡುವೆ ಒಮ್ಮೆ ಅವನಿಗೇ ನಗು ಬಂತು. ಅದನ್ನು ಅವನು ನುಂಗಿಕೊಂಡ.

ಬೈಗುಳ ಬರುತ್ತದೆಂದು ಕಾದ. ಬರಲಿಲ್ಲ.

"ನಾಕ ಮಂದಿ ಬಂದಾರ್ರಿ ಅಂತಿದ್ದಿ ನೋಡು," ಎಂದರು ಸಾವ್ಕಾರರು. "ಅವಾಗ ಸಿಟ್ಟು ಬರ್ತಿತ್ತು ಖರೇ, ಆದ್ರ ನಿನ್ನ ನಂಬತಿದ್ದೆ." ಎದ್ದು ಗಾದಿಗೆ ಹೋಗಿ ಗಾಜಿನ ಕೆಳಗಿನ ಕಾಗದ ಎಳೆದು ತೆಗೆದರು. ಹರಿಯಲಿಲ್ಲ, ಮಡಚಿ ಮೂಲೆಗಿಟ್ಟರು. "ನಾಳಿಗಿ ಬರಬ್ಯಾಡ ತಮ್ಮಾ. ಆ ಸೈಟೂ ಬಂದ್ ಮಾಡು ಅಂತ ಕಲಬುರಗಿಗಿ ಫೋನ್ ಹಚ್ಚು. ಅದೊಂದು ಮಾಡಿ ಹೋಗು."

ತಾಯಪ್ಪ ಫೋನ್ ಹಚ್ಚಿದ. ಬಾಗಿಲಿನವರೆಗೆ ಹೋಗಲು ಇಂಜಿನ್ನುಗಳ ನಡುವೆ ಅವನೂ ಓರೆಯಾಗಿ ನುಸುಳಬೇಕಾಯಿತು.

ತಿಮ್ಮವ್ವ ಬೋರಿಂಗಿಗೆ ನೀರಿಗೆ ಹೋಗುವ ಹೊತ್ತನ್ನು ಬದಲಿಸಿಕೊಂಡಳು, ಯಾರೂ ಇಲ್ಲದ ಹೊತ್ತಿಗೆ. ವಾರ ಕಳೆದ ಮೇಲೆ ಒಂದು ಮುಂಜಾನೆ ಆಟೊ ಬಂದಾಗ ಆಕೆ ಸೊಂಟ ಹಿಡಿದು ಏಳುವ ಮೊದಲೇ ತಾಯಪ್ಪ ತಲೆಗೆ ಟವೆಲ್ ಸುತ್ತಿ ಹೊರಟ. ಅವತ್ತು ಲಾಲಮ್ಮನ ಹೊಲ. ಹತ್ತಿ ಒಡೆದು ಬೆಳ್ಳಗೆ ನಿಂತಿತ್ತು.

ಅವನ ಎರಡೂ ಕಡೆ ಹೆಂಗಸರ ಸಾಲು ಮುಂದೆ ಮುಂದೆ ಹೋಯಿತು. ಅವನ ಸಾಲು ಹಿಂದೆ ಉಳಿಯಿತು. ಒಣಗಿದ ಹತ್ತಿಕಾಯಿಯ ತುದಿ ಉಗುರಿನ ಸಂದಿಗೆ ಚುಚ್ಚಿ ಬೆರಳಲ್ಲಿ ರಕ್ತ ಜಿನುಗಿ, ಬಿಡಿಸಿದ ಹತ್ತಿಗೆ ಅಲ್ಲಲ್ಲಿ ಕೆಂಪು ಹತ್ತಿತು.

"ಏ ತಾಯಪ್ಪಾ, ಅರಳಿ ಕೆಂಪಗ ಆದ್ರ ರೇಟು ಕಮ್ಮಿ ಮಾಡ್ತಾರ," ಎಂದು ಹಜರಾಬೀ ಮುಂದಿನಿಂದ ಕೂಗಿದಳು.

"ಬಿಡಬೇ, ಕಂಪ್ಯೂಟರ್ ಒತ್ತಿದ ಬಳ್ಳು ಅವು. ಮೆತ್ತಗ ಆಗ್ಯಾವ," ಎಂದಳು ಇನ್ನೊಬ್ಬಳು.

ಎಲ್ಲರೂ ನಕ್ಕರು. ಕೆಟ್ಟ ಮನಸ್ಸಿನಿಂದ ನಕ್ಕದ್ದಲ್ಲ. ಅವನಿಗೂ ಸ್ವಲ್ಪ ನಗಬೇಕೆನಿಸಿ ನಕ್ಕ.

ಬುತ್ತಿ ಬಿಚ್ಚುವಾಗ ಬೇವಿನ ಗಿಡದ ಕೆಳಗೆ ಲಾಲಮ್ಮನ ಪಕ್ಕ ಕೂತ. ರೊಟ್ಟಿ ಮುರಿಯಲು ಬೆರಳು ಉರಿಯುತ್ತಿತ್ತು. ಅವಳೇ ಮುರಿದು ಕೊಟ್ಟಳು.

"ಚಿಗವ್ವಾ, ಇನ್ನ ನನ್ನವು ಎಷ್ಟ ಆಳು ಉಳದಾವು?"

ಲಾಲಮ್ಮ ಕೈಗೆ ಹತ್ತಿದ ಖಾರ ನೆಕ್ಕಿ ಲೆಕ್ಕ ಹಾಕಿದಳು. ಬೆರಳು ಮಡಿಚಿ ಮಡಿಚಿ ಮತ್ತೆ ಮೊದಲಿನಿಂದ ಮಡಿಚಿದಳು. "ನನ್ನ ತವರಿನವ್ರದೂ ಹಿಡದು ಹೇಳಲೋ, ಬಿಟ್ಟು ಹೇಳಲೋ?"

"ಹಿಡದೇ ಹೇಳು."

"ಹಂಗಾದ್ರ ಸಂಕ್ರಮಣ ದಾಟ್ತದ. ನಿನ್ನೆ ಮೊನ್ನಿವು ಬ್ಯಾರೆ ಅದಾವ."

"ನಿನ್ನೆ ಮೊನ್ನಿವು ಯಾವು?"

"ಒತ್ತಿದ್ದು. ಇವತ್ತ ಮುಂಜಾನೀನೂ ಎಲ್ಲಾರೂ ಒತ್ತೇ ಬಂದೀವಿ."

ತಾಯಪ್ಪ ರೊಟ್ಟಿ ಕೆಳಗಿಟ್ಟ. "ಸೈಟು ಬಂದ್ ಆಗ್ಯದ, ಚಿಗವ್ವಾ. ನನ್ನ ಬಿಡಿಸಿ ಆಗಲೇ ಎಂಟು ದಿನ ಆತು. ಒತ್ತಿದ್ರ ಏನೂ ಬರಂಗಿಲ್ಲ ಅಲ್ಲಿ."

"ಹೌದು, ಬರಂಗಿಲ್ಲ. ಬರೇ ಬೆಳ್ಳಗ ಬರ್ತದ," ಎಂದಳು ಲಾಲಮ್ಮ. "ಆದ್ರೂ ಒತ್ತೀವಿ. ಒತ್ತಬ್ಯಾಡ್ರಿ ಅಂತ ನೀ ಹೇಳಿದ್ದಿಲ್ಲಲ್ಲ?"